ಆರು ಗಂಟೆಯ ವಿಮಾನ, ಮೂರೂವರೆಯ ಟ್ಯಾಕ್ಸಿ

ಬೆಳಿಗ್ಗೆ ಆರು ಗಂಟೆಗೆ ವಿಮಾನ ಅಂತ ಟಿಕೆಟ್ಟಿನಲ್ಲಿ ಬರೆದಿರುತ್ತದಲ್ಲ, ಹೈದರಾಬಾದಿನ ಮಟ್ಟಿಗೆ ಅದು ಶುದ್ಧ ಸುಳ್ಳು. ಹಿಂದಿನಿಂದ ಲೆಕ್ಕ ಹಾಕಿ ನೋಡಿ. ವಿಮಾನ ಆರಕ್ಕೆ. ಲಗೇಜು ಕೊಡುವ ಕೌಂಟರು ಮುಚ್ಚುವುದು ಅದಕ್ಕೂ ಒಂದು ಗಂಟೆ ಮೊದಲು, ಅಂದರೆ ಐದಕ್ಕೆ. ಬೆಂಗಳೂರು, ದೆಹಲಿ, ಮುಂಬೈ, ಚೆನ್ನೈ ಎಲ್ಲ ಕಡೆಗೆ ಹೊರಟವರೂ ಅದೇ ಹೊತ್ತಿಗೆ ಬಂದು ಸೇರುವುದರಿಂದ ಬಾಗಿಲಲ್ಲೇ ಸಾಲು, ಹಾಗಾಗಿ ನಾಲ್ಕೂವರೆಗಾದರೂ ಅಲ್ಲಿರಬೇಕು. ನಲ್ಲಕುಂಟದಿಂದ ಶಂಶಾಬಾದಿಗೆ ರಸ್ತೆ ಖಾಲಿ ಇದ್ದರೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೂರೂವರೆಗೆ ಟ್ಯಾಕ್ಸಿ ಹತ್ತಬೇಕು, ಎರಡೂಮುಕ್ಕಾಲಿಗೆ ಏಳಬೇಕು. ಇನ್ನು ಮೂರೂವರೆಗೆ ನಮ್ಮ ಮನೆ ಬಾಗಿಲಿಗೆ ಬರುವ ಡ್ರೈವರ್ ಎಷ್ಟಕ್ಕೆ ಎದ್ದ, ಮಲಗಿದ್ದನೋ ಇಲ್ಲವೋ, ಅದು ಯಾರ ಲೆಕ್ಕಪುಸ್ತಕದಲ್ಲೂ ಇಲ್ಲ.

ಇದನ್ನು ಎತ್ತಿದರೆ ನಮ್ಮವರೇ ನಗುತ್ತಾರೆ. "ವಿಮಾನದಲ್ಲಿ ಹೋಗೋರಿಗೆ ಟ್ಯಾಕ್ಸಿ ಚಿಂತೆ ಏನ್ರೀ? ಒಂದು ಗಂಟೆ ಮೊದಲೇ ಹೊರಡಿ, ಅಷ್ಟೇ" ಅನ್ನುತ್ತಾರೆ. ಈ ಮಾತಿನ ಮೇಲೆಯೇ ನನ್ನ ಜಗಳ.

ಮೊದಲ ವಿಮಾನದಲ್ಲಿ ಹೋಗುವವರು ಯಾರು ಅಂತ ಅಂದುಕೊಂಡಿದ್ದೀರಿ? ಲ್ಯಾಪ್‌ಟಾಪ್ ಹೊತ್ತು ಹೋಗಿ ಸಂಜೆ ವಾಪಸ್ ಬರುವವರು ಇದ್ದಾರೆ, ಸರಿ. ಅವರಿಗೆ ಕಂಪನಿ ಕಾರು ಕಳಿಸುತ್ತದೆ. ನಾನು ಹೇಳುತ್ತಿರುವುದು ಇನ್ನೊಂದು ಗುಂಪಿನ ಬಗ್ಗೆ. ಪರಊರಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದ ನಮ್ಮಂಥವರ ಮನೆಗಳಿಗೆ ಕೆಟ್ಟ ಸುದ್ದಿ ಬರುವುದು ಹೆಚ್ಚಾಗಿ ರಾತ್ರಿ ಹೊತ್ತು. ಅಷ್ಟರಲ್ಲಿ ಕಾಚಿಗುಡದಿಂದ ಬೆಂಗಳೂರಿಗೆ ಹೋಗುವ ಸಂಜೆಯ ರೈಲು ಹೊರಟುಹೋಗಿರುತ್ತದೆ, ಬಸ್ಸುಗಳೂ ಊರು ದಾಟಿರುತ್ತವೆ. "ನಾಳೆ ಮಧ್ಯಾಹ್ನದ ಒಳಗೆ ಎತ್ತಬೇಕು, ಬರ್ತೀಯಾ?" ಅಂತ ಅಣ್ಣನೋ ಚಿಕ್ಕಪ್ಪನೋ ಫೋನಿನಲ್ಲಿ ಕೇಳುತ್ತಾರೆ. ಆಗ ಉಳಿಯುವುದು ಬೆಳಗಿನ ಮೊದಲ ವಿಮಾನ ಒಂದೇ. ಹೆತ್ತವರನ್ನು ಊರಲ್ಲಿ ಬಿಟ್ಟು ಬಂದವನಿಗೆ ಅದು ಐಷಾರಾಮದ ವಾಹನ ಅಲ್ಲ.

ನಮ್ಮ ಬೀದಿಯ ಹಿರಿಯರೊಬ್ಬರು, ಹಾಸನದ ಕಡೆಯವರು. ಅವರ ತಾಯಿ ತೀರಿಕೊಂಡ ಸುದ್ದಿ ಬಂದಿದ್ದು ರಾತ್ರಿ ಹನ್ನೊಂದರ ಸುಮಾರಿಗೆ. ಮಗಳು ವಿಮಾನದ ಟಿಕೆಟ್ ತೆಗೆದಳು, ಆ್ಯಪಿನಲ್ಲಿ ಮೂರೂವರೆಗೆ ಟ್ಯಾಕ್ಸಿಯನ್ನೂ ಬುಕ್ ಮಾಡಿದಳು, 'ಕನ್ಫರ್ಮ್' ಅಂತ ಹಸಿರು ಅಕ್ಷರದಲ್ಲಿ ಬಂತು. ಮೂರೂಕಾಲಿಗೆ ಮೊದಲ ಡ್ರೈವರ್ ಕ್ಯಾನ್ಸಲ್ ಮಾಡಿದ. ಎರಡನೆಯವನು ಫೋನ್ ಮಾಡಿ "ಡ್ರಾಪ್ ಕಹಾಂ ಸಾಬ್? ಕ್ಯಾಶ್ ಯಾ ಆನ್‌ಲೈನ್?" ಅಂತ ಕೇಳಿ ಅವನೂ ಕ್ಯಾನ್ಸಲ್ ಮಾಡಿದ. ಮೂರನೆಯವನು "ಪಾಂಚ್ ಮಿನಟ್ ಮೆ ಆರೂಂ ಸಾಬ್" ಅಂದ. ಹೈದರಾಬಾದಿನ ಐದು ನಿಮಿಷ ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇವರು ಶಂಶಾಬಾದ್ ಮುಟ್ಟಿದಾಗ ಕೌಂಟರು ಮುಚ್ಚಿತ್ತು. ಮುಂದಿನ ವಿಮಾನಕ್ಕೆ ಹೊಸ ಟಿಕೆಟ್ ತೆಗೆದು, ಬೆಂಗಳೂರಿನಿಂದ ಕಾರು ಮಾಡಿಕೊಂಡು ಮನೆ ತಲುಪುವಷ್ಟರಲ್ಲಿ ತಮ್ಮ ಕೊಳ್ಳಿ ಇಟ್ಟು ಎರಡು ಗಂಟೆ ಆಗಿತ್ತಂತೆ. ಹಿರಿಯ ಮಗ ಇವರು. ಇವರಿಗೂ ಹೇಳೋಣವೇ, ಒಂದು ಗಂಟೆ ಮೊದಲೇ ಹೊರಡಬೇಕಿತ್ತು ಅಂತ?

ಈ ದೂರವನ್ನು ನಮ್ಮ ತಲೆಗೆ ಕಟ್ಟಿದವರು ಯಾರು ಅಂತ ನೆನಪಿಸಿಕೊಳ್ಳಬೇಕು. ೨೦೦೮ರ ಮಾರ್ಚ್‌ವರೆಗೆ ವಿಮಾನ ನಿಲ್ದಾಣ ಇದ್ದದ್ದು ಬೇಗಂಪೇಟೆಯಲ್ಲಿ, ಊರ ನಡುವೆ. ತಮಾಷೆ ನೋಡಿ, ೨೦೦೩ರಲ್ಲಿ ಎಂಎಂಟಿಎಸ್ ರೈಲು ಶುರುವಾಗಿ ಬೇಗಂಪೇಟೆ ಸ್ಟೇಷನ್ನಿಗೆ ಲೋಕಲ್ ರೈಲು ಬರತೊಡಗಿದ ಐದೇ ವರ್ಷಕ್ಕೆ ವಿಮಾನ ನಿಲ್ದಾಣವೇ ಅಲ್ಲಿಂದ ಎದ್ದು ಹೋಯಿತು. ಶಂಶಾಬಾದಿನ ಹೊಸ ನಿಲ್ದಾಣ ಬೇಡ ಅಂತ ನಾನು ಹೇಳುವುದಿಲ್ಲ. ಬೇಗಂಪೇಟೆ ಉಸಿರುಗಟ್ಟಿತ್ತು, ದೊಡ್ಡ ಜಾಗ ಬೇಕಾಗಿತ್ತು. ಆದರೆ ಒಪ್ಪಂದದಲ್ಲಿ ಒಂದು ಷರತ್ತು ಹಾಕಿಸಿಕೊಂಡರು: ೧೫೦ ಕಿಲೋಮೀಟರಿನ ಒಳಗೆ ಪೈಪೋಟಿಗೆ ಇನ್ನೊಂದು ನಾಗರಿಕ ವಿಮಾನ ನಿಲ್ದಾಣ ಇರಕೂಡದು. ಬೆಂಗಳೂರಿನ ಒಪ್ಪಂದದಲ್ಲೂ ಅದೇ ಷರತ್ತು. ಹಾಗಾಗಿ ಎರಡೇ ತಿಂಗಳ ಅಂತರದಲ್ಲಿ ಇಲ್ಲಿ ಬೇಗಂಪೇಟೆಯೂ ಅಲ್ಲಿ ಎಚ್‌ಎಎಲ್ ನಿಲ್ದಾಣವೂ ಮಾಮೂಲಿ ಪ್ರಯಾಣಿಕರಿಗೆ ಮುಚ್ಚಿದವು. ಮುಚ್ಚಬೇಡಿ ಅಂತ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಆ ಮಾರ್ಚ್‌ನಲ್ಲಿ ಮುಷ್ಕರವನ್ನೂ ಮಾಡಿದ್ದರು. ಯಾರೂ ಕೇಳಲಿಲ್ಲ.

ನಿಲ್ದಾಣದ ವ್ಯಾಪಾರಕ್ಕೆ ಧಕ್ಕೆ ಬರಬಾರದು ಅಂತ ೧೫೦ ಕಿಲೋಮೀಟರಿನ ಬೇಲಿ ಹಾಕಿಸಿಕೊಂಡವರು, ಅದೇ ಕಾಗದದಲ್ಲಿ "ಮೊದಲ ವಿಮಾನಕ್ಕೆ ಎರಡು ಗಂಟೆ ಮೊದಲು ಊರಿನಿಂದ ಬಂದು ಸೇರುವ ರೈಲು ಇರಬೇಕು" ಅಂತ ಒಂದು ಸಾಲು ಯಾಕೆ ಬರೆಸಲಿಲ್ಲ? ನನ್ನ ತಕರಾರಿನ ತಿರುಳು ಇಷ್ಟೇ. ದೂರ ಅವರು ಮಾಡಿದರು, ಅದನ್ನು ದಾಟುವ ಖರ್ಚು ನಮ್ಮದು. ಲಾಭ ಅವರ ಖಾತೆಗೆ ಜಮಾ, ನಿದ್ದೆ ನಮ್ಮ ಖಾತೆಯಲ್ಲಿ ಖರ್ಚು.

ಆಮೇಲೆ ಆದದ್ದೇನು? ರಸ್ತೆಗಳು ಬಂದವು. ೨೦೦೯ರಲ್ಲಿ ಮೆಹದಿಪಟ್ಣಂನಿಂದ ಆರಾಂಘರ್ ಕಡೆಗೆ ಹನ್ನೊಂದು ಚಿಲ್ಲರೆ ಕಿಲೋಮೀಟರಿನ ಪಿ.ವಿ. ನರಸಿಂಹರಾವ್ ಮೇಲುಸೇತುವೆ, ಆಮೇಲೆ ಊರ ಸುತ್ತ ೧೫೮ ಕಿಲೋಮೀಟರಿನ ಹೊರವರ್ತುಲ ರಸ್ತೆ. ಎಲ್ಲ ಕಾರಿನವರಿಗೆ. ರೈಲಿನ ಕಥೆ ಕೇಳಿ. ಮೆಟ್ರೊ ೨೦೧೭ರ ನವೆಂಬರಿನಲ್ಲಿ ಶುರುವಾಯಿತು, ವಿಮಾನ ನಿಲ್ದಾಣದ ಕಡೆ ತಿರುಗಿಯೂ ನೋಡಲಿಲ್ಲ. ೨೦೨೨ರ ಡಿಸೆಂಬರಿನಲ್ಲಿ ಕೆಸಿಆರ್ ಅವರು ರಾಯದುರ್ಗಂನಿಂದ ಶಂಶಾಬಾದಿಗೆ ೩೧ ಕಿಲೋಮೀಟರಿನ, ೬,೨೫೦ ಕೋಟಿ ರೂಪಾಯಿಯ ಮಾರ್ಗಕ್ಕೆ ಶಂಕುಸ್ಥಾಪನೆ ಮಾಡಿದರು. ವರ್ಷ ತುಂಬುವುದರೊಳಗೆ ಸರ್ಕಾರ ಬದಲಾಯಿತು. ರೇವಂತ್ ರೆಡ್ಡಿಯವರು ಬಂದು ಆ ಮಾರ್ಗ ಬೇಡ, ನಾಗೋಲ್, ಎಲ್.ಬಿ. ನಗರ, ಚಾಂದ್ರಾಯಣಗುಟ್ಟದ ಮೇಲೆ ಹೋಗೋಣ ಅಂದರು. ಹಳೆ ಊರಿನವರಿಗೆ ಉಪಯೋಗ ಅನ್ನುವ ಅವರ ವಾದದಲ್ಲಿ ನ್ಯಾಯ ಇದೆ, ನಮ್ಮ ಕಾಚಿಗುಡ, ಬರ್ಕತ್‌ಪುರದ ಕಡೆಯವರಿಗೂ ಅದೇ ಹತ್ತಿರ. ಆದರೆ ಕಲ್ಲು ಒಂದು ಕಡೆ, ನಕ್ಷೆ ಇನ್ನೊಂದು ಕಡೆ. ರೈಲು ಎಲ್ಲೂ ಇಲ್ಲ. ೨೦೨೩ರಲ್ಲಿ ಎಂಎಂಟಿಎಸ್ಸನ್ನು ಶಂಶಾಬಾದಿನ ಉಮ್ದಾನಗರ್ ಸ್ಟೇಷನ್‌ವರೆಗೆ ಎಳೆದರು. ಅಲ್ಲಿಂದ ಟರ್ಮಿನಲ್ಲಿಗೆ ಮತ್ತೆ ಆಟೋ ಹುಡುಕಬೇಕು.

ಅಷ್ಟಕ್ಕೂ ಮೆಟ್ರೊ ಬಂತು ಅಂತಲೇ ಇಟ್ಟುಕೊಳ್ಳಿ. ಈಗಿನ ಹಾಗೆ ಆರು ಗಂಟೆಗೆ ಮೊದಲ ಗಾಡಿ ಬಿಟ್ಟರೆ ಆರು ಗಂಟೆಯ ವಿಮಾನಕ್ಕೆ ಅದರಿಂದ ಏನು ಪ್ರಯೋಜನ? ದೆಹಲಿಯಲ್ಲಿ ೨೦೧೧ರಲ್ಲಿ ಶುರುವಾದ ವಿಮಾನ ನಿಲ್ದಾಣದ ಮೆಟ್ರೊ ಬೆಳಗಿನ ಜಾವ ಐದಕ್ಕೂ ಮೊದಲೇ ಓಡುತ್ತದೆ. ಚೆನ್ನೈನಲ್ಲಿ ಟರ್ಮಿನಲ್ ಎದುರಿಗೇ ತಿರುಸೂಲಂ ಲೋಕಲ್ ಸ್ಟೇಷನ್ ಇದೆ. ಬೆಂಗಳೂರನ್ನು ಮಾತ್ರ ಉದಾಹರಣೆ ಕೊಡಬೇಡಿ ಸ್ವಾಮಿ, ನಾವು ನಾವೇ ಯಾಕೆ ಮಾತಾಡಿಕೊಳ್ಳೋಣ. ಅಲ್ಲಿ ೨೦೨೧ರಲ್ಲಿ ದೇವನಹಳ್ಳಿಯ ಹತ್ತಿರ ಒಂದು ಹಾಲ್ಟ್ ಸ್ಟೇಷನ್ ಕಟ್ಟಿ ಕೈತೊಳೆದುಕೊಂಡರು.

ಪುಷ್ಪಕ್ ಬಸ್ ಇದೆಯಲ್ಲ ಅನ್ನುತ್ತೀರಿ. ಇದೆ. ಒಳ್ಳೆಯ ಬಸ್ಸು, ೨೦೧೯ರಿಂದ ಕರೆಂಟಿನದ್ದೂ ಬಂದಿದೆ, ಸದ್ದಿಲ್ಲ, ಹೊಗೆಯಿಲ್ಲ. ಆದರೆ ಅದು ಹೋಗುವ ದಾರಿಯ ಪಕ್ಕದಲ್ಲಿ ಮನೆ ಇದ್ದವನೇ ಪುಣ್ಯವಂತ. ಉಳಿದವರು ಬೀದಿನಾಯಿಗಳ ನಡುವೆ ಎರಡು ಪೆಟ್ಟಿಗೆ ಎಳೆದುಕೊಂಡು, ಮಂಡಿನೋವಿನ ಹೆಂಡತಿಯನ್ನು ನಡೆಸಿಕೊಂಡು ಮೂರು ಗಂಟೆ ರಾತ್ರಿಯಲ್ಲಿ ಸ್ಟಾಪಿಗೆ ಹೋಗುವುದು ಹೇಗೆ? ಬಸ್ ಸ್ಟಾಪಿಗೆ ಹೋಗಲು ಆಟೋ ಬೇಕು, ಆಟೋ ಸಿಕ್ಕರೆ ಟ್ಯಾಕ್ಸಿಯೂ ಸಿಗುತ್ತಿತ್ತು!

ಹಾಗಾಗಿ ಟ್ಯಾಕ್ಸಿ. ಇಲ್ಲಿ ನನ್ನ ಕಸುಬಿನ ಮಾತು ಒಂದು ಹೇಳುತ್ತೇನೆ. ಡಿಮಾಂಡ್ ಡ್ರಾಫ್ಟಿಗೂ ಚೆಕ್ಕಿಗೂ ವ್ಯತ್ಯಾಸ ಏನು? ಡಿಡಿ ಅಂದರೆ ದುಡ್ಡು ಕೊಡುತ್ತೇನೆ ಅಂತ ಬ್ಯಾಂಕೇ ಬರೆದುಕೊಟ್ಟ ಮಾತು. ಚೆಕ್ಕು ಅಂದರೆ ಖಾತೆಯಲ್ಲಿ ದುಡ್ಡಿದ್ದರೆ ಸಿಗುತ್ತದೆ. ಆ್ಯಪಿನಲ್ಲಿ ಹಿಂದಿನ ರಾತ್ರಿ ಮಾಡುವ ಬುಕಿಂಗ್ ನೋಡುವುದಕ್ಕೆ ಡಿಡಿ ಥರ ಇರುತ್ತದೆ, ವಾಸ್ತವದಲ್ಲಿ ಖಾಲಿ ಖಾತೆಯ ಚೆಕ್ಕು. ಎಷ್ಟೋ ಸಲ ಡ್ರೈವರನ್ನು ಹುಡುಕುವ ಕೆಲಸವೇ ಶುರುವಾಗುವುದು ಹೊರಡುವ ಹೊತ್ತು ಹತ್ತಿರ ಬಂದ ಮೇಲೆ. ಸಿಕ್ಕಿದರೆ ಸಿಕ್ಕಿದ, ಇಲ್ಲದಿದ್ದರೆ 'ಸಾರಿ'. ಚೆಕ್ಕು ಬೌನ್ಸ್ ಆದರೆ ೧೩೮ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ಟ್ಯಾಕ್ಸಿ ಬೌನ್ಸ್ ಆದರೆ? ೨೦೨೫ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಪ್ಪಿಕೊಂಡು ಕಾರಣವಿಲ್ಲದೆ ಕೈಕೊಟ್ಟರೆ ದಂಡ ಬಾಡಿಗೆಯ ಹತ್ತನೇ ಒಂದು ಭಾಗ, ಅದೂ ನೂರು ರೂಪಾಯಿ ಮೀರಬಾರದು. ಅದೇ ಮಾರ್ಗಸೂಚಿ ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಮೂಲ ದರದ ಎರಡು ಪಟ್ಟಿನವರೆಗೆ ವಸೂಲಿ ಮಾಡಲು ಬಿಡುತ್ತದೆ, ಮೊದಲು ಅದು ಒಂದೂವರೆ ಪಟ್ಟು ಇತ್ತು. ತಪ್ಪಿದ ವಿಮಾನದ ಬೆಲೆ ಸಾವಿರಗಟ್ಟಲೆ, ತಪ್ಪಿದ ಅಂತ್ಯಕ್ರಿಯೆಗೆ ಬೆಲೆಯೇ ಇಲ್ಲ. ದಂಡ ನೂರು ರೂಪಾಯಿ.

ಇಷ್ಟು ಹೇಳಿದ ಕೂಡಲೇ "ಈ ಡ್ರೈವರುಗಳೇ ಹೀಗೆ, ದುಡ್ಡಿನ ಆಸೆ" ಅಂತ ಶುರುಮಾಡುವವರಿಗೂ ಒಂದು ಮಾತು. ಅವನ ಜಾಗದಲ್ಲಿ ನಿಂತು ನೋಡಿ. ನಾಲ್ಕೂವರೆಗೆ ನಿಮ್ಮನ್ನು ಟರ್ಮಿನಲ್ಲಿನಲ್ಲಿ ಇಳಿಸಿದ. ಆ ಹೊತ್ತಿಗೆ ಬಂದಿಳಿಯುವವರಿಗಿಂತ ಹೊರಡುವವರೇ ಹೆಚ್ಚು. ಊರಿಗೆ ವಾಪಸ್ ಸವಾರಿ ಬೇಕಾದರೆ ಗಂಟೆಗಟ್ಟಲೆ ಸಾಲಿನಲ್ಲಿ ಕಾಯಬೇಕು, ಇಲ್ಲದಿದ್ದರೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ಖಾಲಿ ಗಾಡಿ ಓಡಿಸಬೇಕು. ಖಾಲಿ ಓಟದ ಡೀಸೆಲ್ ಅವನದು, ಕಮಿಷನ್ ಮಾತ್ರ ಕಂಪನಿಯದು.

೨೦೧೫ರ ಸುಮಾರಿನಲ್ಲಿ ಬ್ಯಾಂಕುಗಳಿಗೆ ಬರುತ್ತಿದ್ದ ಟ್ಯಾಕ್ಸಿ ಸಾಲದ ಅರ್ಜಿಗಳ ರಾಶಿ ನನಗೆ ನೆನಪಿದೆ. ಮಹಬೂಬ್‌ನಗರ, ನಲ್ಗೊಂಡದ ಕಡೆಯ ಹುಡುಗರು, ತಿಂಗಳಿಗೆ ಇಷ್ಟು ಬರುತ್ತದೆ ಅಂತ ಆ್ಯಪ್ ಕಂಪನಿಗಳು ಕೊಟ್ಟ ಪ್ರೋತ್ಸಾಹಧನದ ಚೀಟಿ ಹಿಡಿದು ಬರುತ್ತಿದ್ದರು. ಪ್ರೋತ್ಸಾಹಧನ ಇಳಿಯಿತು, ಕಂತು ಇಳಿಯಲಿಲ್ಲ. ೨೦೧೭ರ ಆರಂಭದಲ್ಲಿ ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಗಾಡಿ ನಿಲ್ಲಿಸಿ ಮುಷ್ಕರ ಕೂತದ್ದು ಇದೇ ಕಾರಣಕ್ಕೆ. ಒಬ್ಬ ಚಾಲಕ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಆ್ಯಪಿನಲ್ಲಿ ಇರಬಾರದು, ಆಮೇಲೆ ಹತ್ತು ಗಂಟೆ ವಿಶ್ರಾಂತಿ ಕೊಡಬೇಕು ಅಂತ ೨೦೨೦ರ ಮಾರ್ಗಸೂಚಿ ಹೇಳಿತು. ಒಂದೇ ಫೋನಿನಲ್ಲಿ ಮೂರು ಆ್ಯಪ್ ಇಟ್ಟುಕೊಂಡವನ ಗಂಟೆ ಎಣಿಸುವವರು ಯಾರು? ಹೊರವರ್ತುಲ ರಸ್ತೆಯಲ್ಲಿ ೨೦೨೩ರಿಂದ ಗಂಟೆಗೆ ೧೨೦ ಕಿಲೋಮೀಟರು ವೇಗಕ್ಕೆ ಅನುಮತಿ ಇದೆ. ನಾಲ್ಕು ಗಂಟೆ ಜಾವದಲ್ಲಿ, ಹಿಂದಿನ ಮಧ್ಯಾಹ್ನದಿಂದ ಓಡಿಸುತ್ತಿರುವ ಹುಡುಗನ ಹಿಂದೆ ಕೂತು, ಕನ್ನಡಿಯಲ್ಲಿ ಅವನ ಕಣ್ಣುರೆಪ್ಪೆ ನೋಡುತ್ತಾ, ನಿದ್ದೆ ಬರದಿರಲಿ ಅಂತ "ಯಾವ ಊರಪ್ಪಾ, ಮಕ್ಕಳೆಷ್ಟು" ಅಂತ ಮಾತಾಡಿಸಿಕೊಂಡು ಹೋಗಿರುವವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಹೆಂಡತಿಯರು ಕಾಲು ಒತ್ತಿ ಸನ್ನೆ ಮಾಡುತ್ತಾರೆ, ಮಾತಾಡಿಸಿ, ಮಾತಾಡಿಸಿ ಅಂತ.

ವಿಮಾನ ಕಂಪನಿಗಳು ರಾತ್ರಿ ನಿಲ್ಲಿಸಿದ ವಿಮಾನವನ್ನು ಜಾವಕ್ಕೇ ಎಬ್ಬಿಸುವುದು ನಮ್ಮ ಅನುಕೂಲಕ್ಕೇನೂ ಅಲ್ಲ. ವಿಮಾನ ನೆಲದ ಮೇಲೆ ನಿಂತರೂ ಅದರ ಬಾಡಿಗೆ ಓಡುತ್ತಿರುತ್ತದೆ, ಬೇಗ ಎಬ್ಬಿಸಿದರೆ ದಿನಕ್ಕೊಂದು ಸುತ್ತು ಜಾಸ್ತಿ ಸಿಗುತ್ತದೆ. ಅದು ಅವರ ವ್ಯಾಪಾರ, ಮಾಡಲಿ. ನಿಲ್ದಾಣದವರು ಟಿಕೆಟ್ಟಿನ ಒಳಗೇ ಬಳಕೆದಾರರ ಶುಲ್ಕ ಹಿಡಿಯುತ್ತಾರೆ, ವಾಹನ ನಿಲುಗಡೆಗೆ ಬೇರೆ ವಸೂಲಿ. ಅದರಲ್ಲಿ ಒಂದು ಪಾಲು ತೆಗೆದು ಆರ್‌ಟಿಸಿಗೆ ಕೊಟ್ಟು, ರಾತ್ರಿ ಎರಡೂವರೆಯಿಂದ ನಾಲ್ಕರವರೆಗೆ ಬಡಾವಣೆಗಳ ಒಳಗೆ ಸುತ್ತಿ ಪುಷ್ಪಕ್ ಮಾರ್ಗಕ್ಕೆ ಮುಟ್ಟಿಸುವ ಸಣ್ಣ ಬಸ್ಸುಗಳನ್ನು ಓಡಿಸಲು ಏನು ಕಷ್ಟ? ವೇಳಾಪಟ್ಟಿ ಕಷ್ಟವೂ ಅಲ್ಲ, ಮೊದಲ ಹತ್ತು ವಿಮಾನಗಳ ಹೊತ್ತು ಅವರ ಬೋರ್ಡಿನಲ್ಲೇ ಇರುತ್ತದೆ. ಆ್ಯಪ್ ಕಂಪನಿ 'ಕನ್ಫರ್ಮ್' ಅಂತ ಬರೆದರೆ ಅದಕ್ಕೆ ಕಂಪನಿಯೇ ಜವಾಬ್ದಾರಿ, ವಿಮಾನ ತಪ್ಪಿದರೆ ಟಿಕೆಟ್ಟಿನ ದುಡ್ಡು ಡ್ರೈವರಿನ ಜೇಬಿನಿಂದ ಅಲ್ಲ, ಕಂಪನಿಯ ಜೇಬಿನಿಂದ ಬರಬೇಕು ಅಂತ ನಿಯಮ ಮಾಡಲಿ. ಜಾವದ ಸವಾರಿಗೆ ವಾಪಸ್ ಖಾಲಿ ಓಟದ ಖರ್ಚನ್ನೂ ಅವನಿಗೆ ಕಟ್ಟಿಕೊಡಲಿ. ಅದಕ್ಕಾಗಿ ನನ್ನ ಬಾಡಿಗೆ ನೂರು ರೂಪಾಯಿ ಹೆಚ್ಚಾದರೆ ನಾನು ಕೊಡಲು ಸಿದ್ಧ. ನಿದ್ದೆ ಮಾಡಿದ ಡ್ರೈವರಿಗೆ ಕೊಡುವ ದುಡ್ಡು ಅದು.

ಕಾಚಿಗುಡ, ನಲ್ಲಕುಂಟದ ಹಳೆ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಅಮೆರಿಕಕ್ಕೋ ಬೆಂಗಳೂರಿಗೋ ಹೋಗಿ, ಈಗ ಇಬ್ಬರೇ ಮುದುಕರು ಉಳಿದ ಮನೆಗಳು ಎಷ್ಟಿವೆ ಅಂತ ನಮ್ಮ ಸಂಘಗಳಿಗೆ ಗೊತ್ತು. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಮಂತ್ರಿಯನ್ನೋ ಶಾಸಕರನ್ನೋ ಕರೆದು ಶಾಲು ಹೊದಿಸುತ್ತೇವೆ, ಕೈಗೆ ಒಂದು ಮನವಿ ಪತ್ರವನ್ನೂ ಕೊಡುತ್ತೇವೆ. ಈ ಸಲದ ಪತ್ರದಲ್ಲಿ ಭವನ, ನಿವೇಶನದ ಕೆಳಗೆ ಇನ್ನೊಂದು ಸಾಲು ಸೇರಿಸಿ: ರಾತ್ರಿ ಮೂರು ಗಂಟೆಗೆ ನಮ್ಮ ಬಡಾವಣೆಯಿಂದ ಶಂಶಾಬಾದಿಗೆ ಒಂದು ಬಸ್ಸು ಬೇಕು.