ಉತ್ತರ ಕೊಡದ ಕಿಂಡಿ

ಕಳೆದ ಮಳೆಗಾಲದಲ್ಲಿ ಸಾಂತಾಕ್ರೂಜಿನ ಮಿಲನ್ ಸಬ್‌ವೇ ಬಳಿ ನನ್ನ ಕಾರಿನೊಳಗೆ ನೆಲಹಾಸು ತೋಯುವಷ್ಟು ನೀರು ನುಗ್ಗಿತ್ತು. ದೀಪಾವಳಿಯ ಹೊತ್ತಿಗೆ ಎಂಜಿನ್ನಿನ ಎಚ್ಚರಿಕೆಯ ದೀಪ ಹತ್ತಿಕೊಂಡಿತು. ಅಧಿಕೃತ ಸರ್ವಿಸ್ ಕೇಂದ್ರವೊಂದಕ್ಕೆ ಒಯ್ದೆ. ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, 16 ಪಿನ್ನುಗಳ ಒಂದು ಕಿಂಡಿಯಿರುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದ ತರುಣನಿಗೆ ಕಾರಿನಿಂದ ಯಾವ ಉತ್ತರವೂ ಬರಲಿಲ್ಲ. ಎಂಜಿನ್ನನ್ನು ಆಳುವ ಕಂಪ್ಯೂಟರನ್ನೇ, ಅಂದರೆ ಇಸಿಯು ಎಂಬುದನ್ನು, ಬದಲಿಸಬೇಕೆಂದು ಮೇಲಿನವರು ತೀರ್ಪಿತ್ತರು. ಅವರು ಹೇಳಿದ ಮೊತ್ತ ನನ್ನ ತಿಂಗಳ ಪಿಂಚಣಿಯನ್ನು ಮೀರಿತ್ತು.

ಅದೇ ಕಾರನ್ನು ಓಡಿಸಿಕೊಂಡು ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ಹೋದೆ. ಹಳೆಯ ಬಿಡಿಭಾಗಗಳ ಆ ಬೀದಿಯ ಒಂದು ಸಣ್ಣ ಗ್ಯಾರೇಜಿನಲ್ಲಿ ವಿಜಾಪುರದ ಕಡೆಯವರೊಬ್ಬರು ಕೆಲಸ ಮಾಡುತ್ತಾರೆ. ಕಥೆಯನ್ನೆಲ್ಲ ಕೇಳಿ ಅವರು ಅಂದದ್ದು ಇಷ್ಟೇ: "ಗಾಡಿ ಚಾಲೂ ಐತಿ. ಮತ್ತ ಇಸಿಯು ಸತ್ತೈತಿ ಅಂದ್ರ ಹೆಂಗ್ರೀ ಸಾಹೇಬ್ರ?"

ಈ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವರು ಮೊದಲು ನೋಡಿದ್ದು ಸ್ಕ್ಯಾನರಿನ ದೀಪವನ್ನು. ಅದು ಹತ್ತಿರಲಿಲ್ಲ. ಅಂದರೆ ಕಿಂಡಿಗೆ ವಿದ್ಯುತ್ತೇ ಬರುತ್ತಿಲ್ಲ. 16ನೆಯ ಪಿನ್ನಿನಲ್ಲಿ ಬ್ಯಾಟರಿಯ 12 ವೋಲ್ಟ್ ಇರಬೇಕು, 4 ಮತ್ತು 5ನೆಯವು ಅರ್ಥಿಂಗ್. ಎಷ್ಟೋ ಕಾರುಗಳಲ್ಲಿ ಈ ಕಿಂಡಿಗೂ ಸಿಗರೇಟ್ ಲೈಟರಿನ ಸಾಕೆಟ್ಟಿಗೂ ಒಂದೇ ಫ್ಯೂಸು. ಅಗ್ಗದ ಮೊಬೈಲ್ ಚಾರ್ಜರ್ ಸಿಕ್ಕಿಸಿ ನಾನೇ ಅದನ್ನು ಸುಟ್ಟಿದ್ದೆ. ಫ್ಯೂಸು ಹಾಕಿದಾಗ ಸ್ಕ್ಯಾನರಿನ ದೀಪ ಹತ್ತಿತು, ಉತ್ತರ ಮಾತ್ರ ಬರಲಿಲ್ಲ. ಆಗ ಬ್ಯಾಟರಿಯ ತಂತಿ ಕಳಚಿ, 6 ಮತ್ತು 14ನೆಯ ಪಿನ್ನುಗಳ ನಡುವಿನ ರೋಧವನ್ನು ಅಳೆದರು. ಕಾರಿನೊಳಗಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡುವ ಜೋಡಿ ತಂತಿ ಬಹುತೇಕ ಕಾರುಗಳಲ್ಲಿ ಇಲ್ಲಿಗೆ ಬರುತ್ತದೆ. ಅದರ ಎರಡೂ ತುದಿಗಳಲ್ಲಿ 120 ಓಮ್ ಇರುವುದರಿಂದ ಮೀಟರು 60ರ ಆಸುಪಾಸು ತೋರಿಸಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ತಂತಿಗಳು ಎಲ್ಲಿಯೋ ಒಂದಕ್ಕೊಂದು ತಗುಲಿವೆ. ನನ್ನ ಕಾರಿನಲ್ಲಿ ಮೀಟರು ಏನನ್ನೂ ತೋರಿಸಲಿಲ್ಲ. ಮುಖ್ಯ ತಂತಿ ಸರಿಯಾಗಿದ್ದು, ಕಿಂಡಿಗೆ ಬರುವ ಕವಲು ಮಾತ್ರ ತುಂಡಾಗಿತ್ತು. ಬಾಗಿಲ ಬುಡದ ತಟ್ಟೆಯನ್ನು ಬಿಚ್ಚಿದಾಗ ಮಳೆನೀರು ಕುಡಿದು ಹಸಿರುಗಟ್ಟಿದ ಕನೆಕ್ಟರು ಸಿಕ್ಕಿತು. ಉಜ್ಜಿ, ಬೆಸುಗೆ ಹಾಕಿದ ಮೇಲೆ ಸ್ಕ್ಯಾನರು ಬಾಯಿ ಬಿಟ್ಟಿತು. ದೀಪ ಹತ್ತಲು ಕಾರಣವಾದದ್ದು ಒಂದು ಆಕ್ಸಿಜನ್ ಸೆನ್ಸರು.

ಇದು ಒಬ್ಬ ಮೆಕ್ಯಾನಿಕ್ಕಿನ ಜಾಣ್ಮೆಯ ಕಥೆಯಷ್ಟೇ ಆಗಿದ್ದರೆ ಈ ಪುಟಗಳಲ್ಲಿ ಬರೆಯುತ್ತಿರಲಿಲ್ಲ. ಕುರ್ಲಾದಲ್ಲಿಯೇ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನು ಈ ನಗರದ ರಸ್ತೆಬದಿಯ ಯಾವ ಕೈಯಾದರೂ ರಿಪೇರಿ ಮಾಡುತ್ತಿತ್ತು. ಕಿವಿಗೊಟ್ಟು ಕೇಳಿದರೆ ಎಂಜಿನ್ನು ತನ್ನ ರೋಗವನ್ನು ತಾನೇ ಹೇಳುತ್ತಿತ್ತು. ಆ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ನಿವೃತ್ತವಾದವು. ಈಗಿನ ಕಾರು ಕಿಂಡಿಯ ಮೂಲಕವೇ ಹೇಳಬೇಕು. ಹೊಗೆಯ ನಿಯಂತ್ರಣಕ್ಕಾಗಿ ಸರಕಾರದ ನಿಯಮವೇ ಇಡಿಸಿದ ಕಿಂಡಿ ಇದು. ಅದರ ಕೀಲಿಕೈ ಮಾತ್ರ ಯಾರ ಬಳಿ ಇರಬೇಕು? ಬಿಡಿಭಾಗಗಳನ್ನೂ ಪರೀಕ್ಷಾ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರಕದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗಳ ದಂಡ ವಿಧಿಸಿತು. ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕಿ'ಗಾಗಿ ಒಂದು ಜಾಲತಾಣವನ್ನು ತೆರೆಯಿತು.

ಕಂಪನಿಗಳ ವಾದದಲ್ಲಿ ಹುರುಳಿಲ್ಲವೆನ್ನಲಾರೆ. 2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪನ್ನು ದೂರದಿಂದಲೇ ಹತೋಟಿಗೆ ತೆಗೆದುಕೊಂಡು ತೋರಿಸಿದರು. ಆ ಬಳಿಕ ಕೆಲವು ತಯಾರಕರು ಕಿಂಡಿಗೂ ಕಾರಿಗೂ ನಡುವೆ ಒಂದು ಕಾವಲು ಕೂರಿಸಿದ್ದಾರೆ. ಅನುಮತಿಯಿಲ್ಲದ ಸ್ಕ್ಯಾನರಿಗೆ ಅದು ದಾರಿ ಬಿಡದು. ಕಾರಿನ ಬುದ್ಧಿಯನ್ನು ತಿದ್ದುವುದಕ್ಕೆ ಬೀಗವಿರಲಿ, ನನ್ನ ಅಭ್ಯಂತರವಿಲ್ಲ. ನನ್ನದೇ ಕಾರಿನ ದೋಷವನ್ನು ಓದುವುದಕ್ಕೆ ಬೀಗವೇಕೆ?

ಆದರೆ ಕುರ್ಲಾದ ಆ ಗೆಳೆಯರಿಗೆ ಅಡ್ಡಬಂದದ್ದು ಕಂಪನಿಯ ಬೀಗವೊಂದೇ ಅಲ್ಲ. ಇಂಗ್ಲಿಷಿನ ತಂತಿನಕ್ಷೆಗಳನ್ನು ಪಕ್ಕದ ಅಂಗಡಿಯ ಹುಡುಗನಿಂದ ಓದಿಸಿ, ಪಿನ್ನುಗಳ ಲೆಕ್ಕವನ್ನು ಎಣ್ಣೆಗಲೆಯ ಒಂದು ಕಿರುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದ ನಮ್ಮ ಹುಡುಗರಿಗೆ ಈ ನಗರದ ಕನ್ನಡ ರಾತ್ರಿಶಾಲೆಗಳು ಅಕ್ಷರ ಕೊಟ್ಟವು. ಆ ಹೆಮ್ಮೆಯನ್ನು ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲಿ ಸ್ಮರಿಸುತ್ತೇವೆ, ಶಾಲು ಹೊದಿಸುತ್ತೇವೆ, ಊಟ ಮಾಡಿ ಮನೆಗೆ ಬರುತ್ತೇವೆ. ನಮ್ಮ ಸಂಘದ ಸಭಾಂಗಣ ವಾರದಲ್ಲಿ ಐದು ಸಂಜೆ ಖಾಲಿಯಿರುತ್ತದೆ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದು ಸಾಧಾರಣ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆ ಕಿರುಪುಸ್ತಕವನ್ನು ಅಚ್ಚು ಹಾಕಿಸಿ, ಅದನ್ನು ಬರೆದವರನ್ನೇ ವಾರಕ್ಕೆರಡು ಸಂಜೆ ಪಾಠಕ್ಕೆ ಕರೆಯಬೇಕೆಂದು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದೇನೆ. ಅವರನ್ನು ಕೇಳಿಯೂ ಆಗಿದೆ. ಸೋಮವಾರ ಗ್ಯಾರೇಜಿಗೆ ರಜೆಯಂತೆ.