ತಾಯ್ ಚಿಯೂ ಎರಡು ದಿನದ ಗುರುಗಳೂ

ಕಳೆದ ತಿಂಗಳ ಸಂಚಿಕೆಯ ಸಂಘದ ಸಮಾಚಾರ ಪುಟದಲ್ಲಿ ‘ಚೀನೀ ಪ್ರಾಣಶಕ್ತಿ ಶಿಬಿರ ಯಶಸ್ವಿ’ ಎಂಬ ವರದಿಯನ್ನು ಸದಸ್ಯ ಬಾಂಧವರೆಲ್ಲ ಓದಿರುತ್ತೀರಿ. ಎರಡು ದಿನ, ತಲೆಗೆ 6,500 ರೂಪಾಯಿ, ನಲವತ್ತು ಮಂದಿ, ಕೊನೆಗೆ ಎಲ್ಲರಿಗೂ ಬಣ್ಣದ ಪ್ರಮಾಣಪತ್ರ. ಮೇಲೆ ಇನ್ನೂ 3,000 ಕೊಟ್ಟವರಿಗೆ ‘ಶಿಕ್ಷಕ’ರೆಂಬ ಬೇರೊಂದು ಪ್ರಮಾಣಪತ್ರ. ಮಧುಮೇಹ, ರಕ್ತದೊತ್ತಡ, ಥೈರಾಯ್ಡು, ಮಂಡಿನೋವು, ನಿದ್ರಾಹೀನತೆ, ಇವೆಲ್ಲವೂ ‘ಚಿ’ ಸರಾಗವಾಗಿ ಹರಿದರೆ ತಾವಾಗಿಯೇ ತೊಲಗುತ್ತವೆಂದು ಶಿಬಿರದ ಗುರುಗಳು ಅಪ್ಪಣೆ ಕೊಡಿಸಿದರಂತೆ. ಎರಡನೆಯ ಶಿಬಿರಕ್ಕೂ ನಮ್ಮ ಸಭಾಂಗಣವನ್ನೇ ಕೊಡಬೇಕೆಂದು ಈಗ ಕಾರ್ಯಕಾರಿ ಸಮಿತಿಗೆ ಅರ್ಜಿ ಬಂದಿದೆ. ಕೊಡಕೂಡದು ಎಂಬುದು ನನ್ನ ವಾದ. ಜೊತೆಗೆ ಇನ್ನೊಂದು ವಾದವೂ ಉಂಟು: ತಾಯ್ ಚಿ ನಮ್ಮ ಸಂಘದಲ್ಲಿ ಬೇಕೇ ಬೇಕು. ಇವೆರಡಕ್ಕೂ ವಿರೋಧ ಕಾಣುವವರು ದಯಮಾಡಿ ಮುಂದೆ ಓದಬೇಕು.

ಮೊದಲು ಹೆಸರಿನ ವಿಚಾರ. ‘ತಾಯ್ ಚಿಯಲ್ಲಿರುವ ಚಿ ಎಂದರೆ ಪ್ರಾಣಶಕ್ತಿ’ ಎಂದು ಶಿಬಿರದಲ್ಲಿ ಹಂಚಿದ ಕರಪತ್ರದ ಮೊದಲ ಸಾಲು ಹೇಳುತ್ತದೆ. ಆ ಮೊದಲ ಸಾಲೇ ತಪ್ಪು. ಚೀನೀ ಭಾಷೆಯಲ್ಲಿ ಇವು ಎರಡು ಬೇರೆ ಶಬ್ದಗಳು. ಉಚ್ಚಾರವೂ ಬೇರೆ, ಬರೆಯುವ ಅಕ್ಷರವೂ ಬೇರೆ. ತಾಯ್ ಚಿಯ ‘ಚಿ’ ಎಂದರೆ ತುತ್ತತುದಿ, ಪರಮಾವಧಿ. ಚಿಗಾಂಗ್ ಎಂಬುದರಲ್ಲಿರುವ ‘ಚಿ’ ಎಂದರೆ ಉಸಿರು, ಆವಿ. ಇಂಗ್ಲಿಷ್ ಲಿಪಿಯ ಹಳೆಯ ಬರವಣಿಗೆಯಲ್ಲಿ ಎರಡೂ ಒಂದೇ ಆಗಿ ಕಂಡದ್ದರಿಂದ ಈ ಅವಾಂತರ. ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ರಜೆಯಲ್ಲಿ ‘ಹಲ್ಲಿಗೆ ಹೋಗಿದ್ದೆ’ ಎಂದಾಗ ನಾವು ನಕ್ಕು ತಿದ್ದುತ್ತೇವೆ. ಹಲ್ಲಿಗೂ ಹಳ್ಳಿಗೂ ಭೇದ ತಿಳಿಯದವರು ನಮಗೆ ಹಳ್ಳಿಯ ದಾರಿ ತೋರಿಸುತ್ತೇನೆಂದು ಹೊರಟಾಗ ಮಾತ್ರ ದುಡ್ಡು ಕೊಟ್ಟು ಹಿಂದೆ ಹೋಗುತ್ತೇವೆ!

ಶಿಬಿರದಲ್ಲಿ ಹೇಳಿದ ಇತಿಹಾಸವಾದರೂ ಎಂಥದು? ಝಾಂಗ್ ಸಾನ್‌ಫೆಂಗ್ ಎಂಬ ತಾವೋ ಪಂಥದ ಸಿದ್ಧರು ಹಾವಿಗೂ ಕೊಕ್ಕರೆಗೂ ನಡೆದ ಕಾದಾಟವನ್ನು ನೋಡಿ ಈ ವಿದ್ಯೆಯನ್ನು ಕಂಡುಹಿಡಿದರಂತೆ. ಸ್ಥಳಪುರಾಣಗಳಲ್ಲಿ ನಾವೂ ಹಿಂದೆ ಬಿದ್ದವರಲ್ಲವಾದ್ದರಿಂದ ಕತೆ ನನಗೂ ಹಿಡಿಸಿತು. ಆದರೆ 1930ರ ದಶಕದಲ್ಲಿ ತಾಂಗ್ ಹಾವ್ ಎಂಬ ಚೀನೀ ವಿದ್ವಾಂಸರೇ ಹೆನಾನ್ ಪ್ರಾಂತದ ಚೆನ್‌ಜಿಯಾಗೋ ಎಂಬ ಹಳ್ಳಿಗೆ ಹೋಗಿ, ದಾಖಲೆಗಳನ್ನು ತಿರುವಿಹಾಕಿ, ಸಿದ್ಧರ ಕತೆಗೆ ಆಧಾರವಿಲ್ಲವೆಂದೂ 17ನೇ ಶತಮಾನದಲ್ಲಿ ಆ ಊರಿನಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬ ಯೋಧನಿಂದ ಇದು ಹೊರಟಿತೆಂದೂ ವಾದಿಸಿದರು. ಅಂದರೆ ಇದು ಮೂಲತಃ ಹೊಡೆದಾಟದ ವಿದ್ಯೆ. ಚೆನ್ ಮನೆತನದ ಹೊರಗಿನವನಾದ ಯಾಂಗ್ ಲೂಚಾನ್ ವರ್ಷಗಟ್ಟಲೆ ಆ ಊರಲ್ಲಿದ್ದು ಕಲಿತು 19ನೇ ಶತಮಾನದಲ್ಲಿ ಅದನ್ನು ಬೀಜಿಂಗಿಗೆ ಒಯ್ದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ನಿಧಾನವಾದ, ಒಂದೇ ಸಮನಾದ ಚಲನೆಗಳನ್ನಾಗಿ ತಿದ್ದಿ ಜನಸಾಮಾನ್ಯರಿಗೆ ಹೇಳಿಕೊಟ್ಟ. 1956ರಲ್ಲಿ ಚೀನಾದ ಕ್ರೀಡಾ ಆಯೋಗವು ಅದನ್ನು ಮೊಟಕುಗೊಳಿಸಿ 24 ಚಲನೆಗಳ ಪಾಠವೊಂದನ್ನು ಸಿದ್ಧಪಡಿಸಿತು. ಕಲಿತವರಿಗೆ ಅದು ಐದಾರು ನಿಮಿಷದ ಕೆಲಸ.

ಚಿಗಾಂಗ್‌ನ ಬೇರು ಇನ್ನೂ ಹಳೆಯದು. 1973ರಲ್ಲಿ ಚಾಂಗ್‌ಶಾ ನಗರದ ಮಾವಾಂಗ್‌ದುಯ್ ಗೋರಿಯೊಂದರಲ್ಲಿ ಸಿಕ್ಕ ರೇಷ್ಮೆಯ ಚಿತ್ರದಲ್ಲಿ ಕೈಕಾಲು ಚಾಚಿ, ಬಾಗಿ ವ್ಯಾಯಾಮ ಮಾಡುವ 44 ಆಕೃತಿಗಳಿವೆ, ಗೋರಿ ಕ್ರಿ.ಪೂ. 168ರದು. ಆದರೆ ಬಗೆಬಗೆಯ ಅಂಗಸಾಧನೆ ಮತ್ತು ಉಸಿರಾಟಗಳಿಗೆಲ್ಲ ಚಿಗಾಂಗ್ ಎಂಬ ಒಂದೇ ಹಣೆಪಟ್ಟಿ ಬಂದು, ಚಿಕಿತ್ಸೆಯೆಂದು ಅದಕ್ಕೆ ಸರ್ಕಾರಿ ಮುದ್ರೆ ಬಿದ್ದದ್ದು 1950ರ ದಶಕದಲ್ಲಿ, ಲ್ಯೂ ಗ್ವೇಝೆನ್ ಎಂಬ ಪಕ್ಷದ ಕಾರ್ಯಕರ್ತರ ಮೂಲಕ. ಅವರಿಗಿದ್ದದ್ದು ಹೊಟ್ಟೆಹುಣ್ಣು. ಕಚೇರಿಯವರ ಕಾಯಿಲೆ, ನಮಗೂ ಪರಿಚಯದ್ದೇ.

1979ರಿಂದಾಚೆಗೆ ಚೀನಾಕ್ಕೆ ಚಿಗಾಂಗ್ ಹುಚ್ಚೇ ಹಿಡಿಯಿತು. ಕಿವಿಯಿಂದ ಓದುವ ಮಕ್ಕಳು, ದೂರದಿಂದಲೇ ಶಕ್ತಿ ಹಾಯಿಸುವ ಗುರುಗಳು! 1988ರಲ್ಲಿ ಅಮೆರಿಕದಿಂದ ಪಾಲ್ ಕರ್ಟ್ಸ್, ಜೇಮ್ಸ್ ರ‍್ಯಾಂಡಿ ಮೊದಲಾದವರ ತಂಡ ಅಲ್ಲಿಗೆ ಹೋಗಿ ಇದನ್ನು ಪರೀಕ್ಷಿಸಿತು. ಗುರುಗಳು ಹತ್ತಿರ ನಿಂತು ಕೈ ಆಡಿಸಿದರೆ ಮಲಗಿದ ರೋಗಿ ಹೊರಳಾಡುವುದು ನಿಜವೇ. ಇಬ್ಬರನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟು, ‘ಚಿ’ ಯಾವಾಗ ಕಳುಹಿಸಬೇಕೆಂಬುದನ್ನು ಪರೀಕ್ಷಕರೇ ಗೊತ್ತುಮಾಡಿದಾಗ, ಗುರುಗಳ ಕೈಗೂ ರೋಗಿಯ ಹೊರಳಾಟಕ್ಕೂ ತಾಳವೇ ಕೂಡಲಿಲ್ಲ. ಇಂಥ ಪರೀಕ್ಷೆ ಕನ್ನಡಿಗರಿಗೆ ಹೊಸದೇನಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆಂದು 1976ರಲ್ಲೇ ಸಮಿತಿ ರಚಿಸಿದರು. ಅವರ ನಾಡಿನವರಾದ ನಲವತ್ತು ಮಂದಿ ನಮ್ಮ ಸಭಾಂಗಣದಲ್ಲಿ ಅಂಗೈಗಳ ನಡುವೆ ‘ಶಕ್ತಿಯ ಚೆಂಡು’ ಹಿಡಿದು ಕಣ್ಣು ಮುಚ್ಚಿ ಕೂತಿದ್ದರಲ್ಲ, ಒಬ್ಬರಾದರೂ ಒಂದು ಪ್ರಶ್ನೆ ಕೇಳಬಾರದಾಗಿತ್ತೆ? ನಾನು ಓದಿದ್ದು ಬಿ.ಎಸ್ಸಿ.ಯವರೆಗೆ ಮಾತ್ರ. ಆದರೂ ಶಕ್ತಿ ಎಂದೊಡನೆ ಎಷ್ಟು ಜೂಲ್ ಎಂದು ಕೇಳುವಷ್ಟನ್ನು ಆ ಓದು ಕಲಿಸಿದೆ. ಈ ಗುರುಗಳ ಶಕ್ತಿಗೆ ಅಳತೆಯಿಲ್ಲ. ಶುಲ್ಕಕ್ಕೆ ಮಾತ್ರ ಕರಾರುವಾಕ್ಕಾದ ಅಳತೆ.

ಹಾಗಾದರೆ ಇದರಲ್ಲಿ ಏನೂ ಹುರುಳಿಲ್ಲವೇ? ಇದೆ, ಬೇಕಾದಷ್ಟಿದೆ, ನನ್ನ ಸಿಟ್ಟಿಗೆ ಕಾರಣವೂ ಅದೇ. ನನ್ನ ಮೇಜಿಗೆ ಬರುವುದು ವೈದ್ಯಕೀಯ ವೆಚ್ಚದ ಮರುಪಾವತಿಯ ಕಡತಗಳು. ನೌಕರರ ಅವಲಂಬಿತ ತಂದೆತಾಯಿಗಳ ಬಿಲ್ಲುಗಳಲ್ಲಿ ಹೃದಯ, ಕಣ್ಣು, ಮೂತ್ರಪಿಂಡ ಎಲ್ಲವೂ ಇರುತ್ತವೆ. ಆದರೆ ಎಷ್ಟು ವರ್ಷವಾದರೂ ಕೈ ತಡೆಯುವ ಕಡತವೆಂದರೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಬಳಿ ತೊಡೆಮೂಳೆ ಮುರಿದುಕೊಂಡವರದು. ಮೊದಲು ಶಸ್ತ್ರಚಿಕಿತ್ಸೆಯ ಬಿಲ್ಲು, ಆಮೇಲೆ ಗಾಲಿಕುರ್ಚಿ, ಆಮೇಲೆ ಬೆನ್ನಹುಣ್ಣು, ನ್ಯುಮೋನಿಯಾ. ಕೆಲವು ಕಡತಗಳ ಕೊನೆಯ ಹಾಳೆ ಮರಣ ಪ್ರಮಾಣಪತ್ರ. ಊರಿನಲ್ಲಿ ಅಂಗಳ ಗುಡಿಸಿ, ಬಾವಿಯಿಂದ ನೀರು ಸೇದಿ, ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದು ಗಟ್ಟಿಯಾಗಿದ್ದ ತಾಯಿಯನ್ನು ನಾವು ಇಲ್ಲಿಯ ಮೂರನೇ ಮಹಡಿಯ ಕ್ವಾರ್ಟರ್ಸಿಗೆ ಕರೆತಂದು ಸೋಫಾದ ಮೇಲೆ ಕೂರಿಸುತ್ತೇವೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಆಕೆಯ ಕಾಲಿನ ಬಲ ಇಳಿದಿರುತ್ತದೆ. ‘ಅಮ್ಮಾ, ಹುಷಾರಾಗಿ ನಡಿ’ ಎನ್ನುತ್ತೇವೆ. ಹುಷಾರಿನಿಂದ ಕಾಲಿಗೆ ಬಲ ಬಂದೀತೆ?

ನಡಿಗೆಯೆಂದರೆ ಹೆಜ್ಜೆಹೆಜ್ಜೆಗೂ ಒಂದು ಕ್ಷಣ ಒಂಟಿಕಾಲಲ್ಲಿ ನಿಲ್ಲುವುದು. ವಯಸ್ಸಾದಂತೆ ಸ್ನಾಯು ಸೊರಗುತ್ತದೆ, ಪಾದದಿಂದ ಮಿದುಳಿಗೆ ಹೋಗುವ ಸುದ್ದಿ ತಡವಾಗುತ್ತದೆ, ಒಳಗಿವಿಯಲ್ಲಿರುವ ಸಮತೋಲದ ಅಂಗ ಮಂದವಾಗುತ್ತದೆ. ಗುರುತ್ವಕೇಂದ್ರವು ಪಾದಗಳ ಆಸರೆಯಿಂದ ಆಚೆಗೆ ಸರಿದದ್ದು ಗೊತ್ತಾಗುವ ಹೊತ್ತಿಗೆ ನೆಲ ಸಿಕ್ಕಿರುತ್ತದೆ. ತಾಯ್ ಚಿಯ ಅಭ್ಯಾಸ ಇದಕ್ಕೆಂದೇ ಹೇಳಿ ಮಾಡಿಸಿದಂತಿದೆ. ಮಂಡಿಯನ್ನು ತುಸು ಸಡಿಲಿಸಿ, ಭಾರವನ್ನೆಲ್ಲ ಒಂದು ಕಾಲಿಗೆ ತಂದು, ಇನ್ನೊಂದು ಕಾಲು ಪೂರ್ತಿ ಬರಿದಾದ ಮೇಲೆಯೇ ಅದನ್ನು ಎತ್ತಿ, ಹಿಮ್ಮಡಿಯನ್ನು ಹಗುರಾಗಿ ಊರಿ, ಆಮೇಲೆ ನಿಧಾನವಾಗಿ ಭಾರ ದಾಟಿಸುವುದು. ‘ಮೋಡದ ಕೈ’ ಎಂಬ ಚಲನೆಯಲ್ಲಿ ಪಕ್ಕಕ್ಕೆ ಹೆಜ್ಜೆ. ‘ಬಂಗಾರದ ಹುಂಜ’ದಲ್ಲಿ ಒಂಟಿಕಾಲ ನಿಲುವು. ಒದ್ದೆ ಬಚ್ಚಲಿನ ಹೊಸಿಲು ದಾಟುವಾಗ ಬೇಕಾದದ್ದು ಇದೇ ಅಲ್ಲವೆ?

ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ 70 ವರ್ಷ ದಾಟಿದ, ಬೀಳುವ ಭಯವಿದ್ದ 670 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದ ಗುಂಪಿಗಿಂತ ತಾಯ್ ಚಿ ಗುಂಪಿನಲ್ಲಿ ಬೀಳುವುದು ಶೇಕಡಾ 58ರಷ್ಟು ಕಡಿಮೆ. ಬಲ, ಸಮತೋಲ ಇತ್ಯಾದಿ ಬೆರೆಸಿದ ವ್ಯಾಯಾಮದ ಗುಂಪಿಗಿಂತ ಶೇಕಡಾ 31ರಷ್ಟು ಕಡಿಮೆ. ಪಾರ್ಕಿನ್ಸನ್ ರೋಗಿಗಳ ಸಮತೋಲಕ್ಕೆ ಇದರಿಂದ ಪ್ರಯೋಜನವಾದದ್ದು 2012ರಲ್ಲೂ, ಮಂಡಿಯ ಸಂಧಿವಾತಕ್ಕೆ ಇದು ಫಿಸಿಯೋಥೆರಪಿಗೆ ಸರಿಸಮನಾಗಿ ನಿಂತದ್ದು 2016ರಲ್ಲೂ ವರದಿಯಾಗಿವೆ. ಇವುಗಳಲ್ಲಿ ಎಲ್ಲಿಯೂ ಮಾತ್ರೆ ಎಸೆಯಿರಿ ಎಂದಿಲ್ಲ. ಇನ್ನೊಂದು ಅಂಶವನ್ನು ಗಮನಿಸಬೇಕು. 2018ರ ಅಧ್ಯಯನದಲ್ಲಿ ವಾರಕ್ಕೆ ಎರಡು ಬಾರಿ, ಒಂದೊಂದು ಗಂಟೆ, 24 ವಾರ ಕಲಿಸಿದರು. ಒಟ್ಟು 48 ಪಾಠ. ನಮ್ಮ ಶಿಬಿರ ಎರಡು ದಿನದ್ದು, ಅದರಲ್ಲೂ ಊಟ, ಭಾಷಣ, ಫೋಟೋ ಕಳೆದು!

ಎರಡು ದಿನದಲ್ಲಿ ಕಲಿತವರು ಮೂರನೆಯ ದಿನ ಕಲಿಸಲು ನಿಂತರೆ ಏನಾಗುತ್ತದೆ ಎಂಬುದನ್ನು ಉದ್ಯಾನದಲ್ಲಿ ನಾನೇ ನೋಡುತ್ತಿದ್ದೇನೆ. ಎಪ್ಪತ್ತರ ಅಜ್ಜಿಯರಿಗೆ ‘ಇನ್ನೂ ಕೆಳಗೆ ಕೂರಿ’ ಎನ್ನುತ್ತಾರೆ. ಮಂಡಿ ಪಾದದ ದಿಕ್ಕಿಗಿರದೆ ಒಳಕ್ಕೆ ಹೊರಳಿದರೆ ತಿದ್ದಲು ಅವರಿಗೆ ಬರುವುದಿಲ್ಲ, ಏಕೆಂದರೆ ಅದು ಅವರ ಕಣ್ಣಿಗೇ ಬೀಳುವುದಿಲ್ಲ. ಶಿಷ್ಯರ ಕಾಲು ನೋಡುವ ಬದಲು ತಮ್ಮ ಮುಂದಿನ ಚಲನೆ ಯಾವುದೆಂದು ನೆನಪಿಸಿಕೊಳ್ಳುವುದರಲ್ಲೇ ಗುರುಗಳ ಗಮನವೆಲ್ಲ ಕಳೆಯುತ್ತದೆ. ಸಂಗೀತದ ಮೇಷ್ಟ್ರು ಸರಳೆವರಿಸೆ ಮುಗಿಸಲು ತಿಂಗಳುಗಟ್ಟಲೆ ತೆಗೆದುಕೊಂಡರೆ ಗೊಣಗದ ನಾವು, ಇಲ್ಲಿ ಮಾತ್ರ ಶನಿವಾರ ಸೇರಿ ಭಾನುವಾರ ವಿದ್ವಾಂಸರಾಗಬೇಕೆಂದು ಏಕೆ ಬಯಸುತ್ತೇವೋ!

ಇದರಿಂದ ಬರಿಯ ಹಣನಷ್ಟವಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಶಿಬಿರಕ್ಕೆ ಹೋದ ನಮ್ಮ ಹಿರಿಯ ಸದಸ್ಯೆಯೊಬ್ಬರು ಗುರುಗಳ ಮಾತು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮೂರು ವಾರ ನಿಲ್ಲಿಸಿದರು. ಆಸ್ಪತ್ರೆಗೆ ಸೇರಿಸಿದ ರಾತ್ರಿ ಅವರ ಮಗ ಗುರುಗಳಿಗೆ ಫೋನು ಮಾಡಿದರೆ, ‘ಒಳಗಿನ ವಿಷ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ’ ಎಂಬ ಉತ್ತರ ಬಂತು. ಆಕೆ ಈಗ ಮನೆಗೆ ಬಂದಿದ್ದಾರೆ. ವರದಿಯಲ್ಲಿ ‘ಯಶಸ್ವಿ’ ಎಂದು ಬರೆದವರು ಒಮ್ಮೆ ಹೋಗಿ ಮಾತನಾಡಿಸಿ ಬರಬಹುದು.

ಇನ್ನೊಂದು ಪಂಗಡದ ಆಕ್ಷೇಪ ಬೇರೆ ಬಗೆಯದು. ನಮ್ಮ ಯೋಗವಿರುವಾಗ ಚೀನೀಯರ ಕಸರತ್ತೇಕೆ, ಅದೂ 1962 ಮತ್ತು 2020ರ ಗಲ್ವಾನ್ ಕಂಡ ಮೇಲೆ, ಎನ್ನುತ್ತಾರೆ. ಗಡಿಯ ಸಿಟ್ಟು ನನಗೂ ಉಂಟು. ಆದರೆ ಸಭೆಯಲ್ಲಿ ಈ ಮಾತೆತ್ತಿದ ಮಹನೀಯರ ಕೈಯಲ್ಲಿದ್ದ ಚಹಾ ಎಂಬ ಪಾನೀಯವೂ ಆ ಶಬ್ದವೂ ಎಲ್ಲಿಂದ ಬಂದವು? ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು 2011ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ, ಚೀನಾದ ಗ್ವಾಂಗ್‌ಝೌಗೆ ಹೋಗಿ ಯೋಗ ಕಲಿಸಿದರು. ಕಲಿಯಲು ಬಂದ ಚೀನೀಯರು ತಮ್ಮ ತಾಯ್ ಚಿ ಇರುವಾಗ ಇದೇಕೆ ಎನ್ನಲಿಲ್ಲ. ಯೋಗ ಬಲ್ಲವರು ಯೋಗ ಮಾಡಲಿ. ನೆಲದ ಮೇಲೆ ಕೂತರೆ ಏಳಲಾರದ ನಮ್ಮ ಅತ್ತೆಯಂದಿರಿಗೆ ನಿಂತೇ ಮಾಡುವ ಅಭ್ಯಾಸವೊಂದು ಸಿಕ್ಕರೆ ಭಾರತಾಂಬೆಗೆ ಯಾವ ಅಪಮಾನವೂ ಆಗುವುದಿಲ್ಲ.

ಆದ್ದರಿಂದ ಸಮಿತಿಗೆ ನನ್ನ ಸೂಚನೆ ಇದು. ಎರಡನೆಯ ಶಿಬಿರದ ಅರ್ಜಿಯನ್ನು ತಿರಸ್ಕರಿಸಬೇಕು. ಸಭಾಂಗಣವನ್ನು ವಾರಕ್ಕೆ ಎರಡು ಬೆಳಿಗ್ಗೆ, ಕನಿಷ್ಠ ಆರು ತಿಂಗಳು ತಾಯ್ ಚಿ ಪಾಠಕ್ಕೆ ಬಿಡಬೇಕು. ನವೆಂಬರಿನ ಹೊಗೆಯಲ್ಲಿ ಹಿರಿಯರನ್ನು ಉದ್ಯಾನಕ್ಕೆ ಅಟ್ಟುವುದು ಬೇಡ. ಕಲಿಸುವವರು ತಾವು ಯಾರ ಬಳಿ, ಎಷ್ಟು ವರ್ಷ ಕಲಿತರೆಂದು ಬರೆದುಕೊಡಬೇಕು. ರೋಗ ಗುಣವಾಗುತ್ತದೆಂಬ ಮಾತು ಕರಪತ್ರದಲ್ಲೂ ಬರಕೂಡದು, ಬಾಯಲ್ಲೂ ಬರಕೂಡದು. 24 ಚಲನೆಗಳೂ ಬೇಕಾಗಿಲ್ಲ, ಎಂಟು ಸಾಕು. ಚಿಗಾಂಗ್ ಬೇಕೆನ್ನುವವರಿಗೆ 2003ರಲ್ಲಿ ಚೀನಾದ ಕ್ರೀಡಾ ಇಲಾಖೆ ಕ್ರಮಪಡಿಸಿದ ಬಾದ್ವಾನ್‌ಜಿನ್ ಎಂಬ ಎಂಟು ಸರಳ ವ್ಯಾಯಾಮಗಳಿವೆ. ಗೋಡೆಯುದ್ದಕ್ಕೂ ಕುರ್ಚಿ ಇಡಬೇಕು, ಹಿಡಿದುಕೊಳ್ಳಲು. ಸೂಚನೆಗಳು ಕನ್ನಡದಲ್ಲಿರಬೇಕು, ಎಪ್ಪತ್ತೈದರ ಅಜ್ಜಿಗೆ ‘ಭಾರ ಎಡಗಾಲಿಗೆ ತನ್ನಿ’ ಎಂದರೆ ತಿಳಿಯುವಷ್ಟು ಇನ್ಯಾವುದೂ ತಿಳಿಯದು. ಶುಲ್ಕ ತಿಂಗಳಿಗೆ ಇನ್ನೂರು ರೂಪಾಯಿ ಮೀರಬಾರದು.

ಇದನ್ನು ಲಿಖಿತವಾಗಿ ಕಾರ್ಯದರ್ಶಿಗಳಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮುಂದಿನ ಸಭೆಯಲ್ಲಿ ಚರ್ಚೆಗೆ ಬರಬೇಕಾದರೆ ಇಬ್ಬರು ಸದಸ್ಯರ ಅನುಮೋದನೆ ಬೇಕಂತೆ. ಸಹಿ ಹಾಕುವವರು ಭಾನುವಾರ ಬೆಳಿಗ್ಗೆ ಸಂಘದ ಗ್ರಂಥಾಲಯದಲ್ಲಿ ನನ್ನನ್ನು ಕಾಣಬಹುದು.