ಬಸ್ಸು ಉಚಿತವಾಯಿತು, ರಾತ್ರಿ ತಲೆಯೂರಲು ಹಾಸಿಗೆ?

ಯುವಜನರಿಗೆಂದೇ ಕಟ್ಟಿದ ಅಗ್ಗದ ಹೋಟೆಲ್‌ಗಳ ಜಾಹೀರಾತು ಈಗ ಎಲ್ಲರ ಮೊಬೈಲಿನಲ್ಲೂ ಬರುತ್ತದೆ. ಬಣ್ಣ ಬಳಿದ ಗೋಡೆ, ನಿಯಾನ್ ದೀಪದಲ್ಲಿ ಹೊಳೆಯುವ ಒಂದು ಸಾಲು, ಗಿಟಾರು ಹಿಡಿದ ಹುಡುಗ, ಮಾಳಿಗೆಯ ಮೇಲೆ ಕೂತು ನಗುವ ಗೆಳತಿಯರು. ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಆ ಚಿತ್ರ ಕಂಡಾಗಲೆಲ್ಲ ಬೇರೆ ಯುವ ಪ್ರಯಾಣಿಕರು ನೆನಪಾಗುತ್ತಾರೆ. ಶನಿವಾರ ರಾತ್ರಿ ವೇಗದೂತ ಬಸ್ ಹತ್ತಿ, ಸುಮಾರು 400 ಕಿ.ಮೀ. ಕೂತೇ ಪ್ರಯಾಣಿಸಿ, ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುವ ನನ್ನ ವಿದ್ಯಾರ್ಥಿನಿಯರು ಅವರು. ಹತ್ತು ಗಂಟೆಗೆ ಪರೀಕ್ಷೆ. 'ಸ್ಟ್ಯಾಂಡಿನ್ಯಾಗ ಮಾರಿ ತೊಳ್ಕೊಂಡು ಹೋಗಿಬಿಡ್ತೀವ್ರೀ ಮೇಡಂ' ಎಂದು ಅವರು ಸಹಜವಾಗಿ ಹೇಳುತ್ತಾರೆ. ಕೇಳುವ ನನಗೆ ಅದು ಸಹಜ ಅನ್ನಿಸುವುದಿಲ್ಲ.

2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಕಡೆ ಆದ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಮನೆಯಲ್ಲಿ ಪರೀಕ್ಷೆಯ ಮಾತು ಬಂದರೆ ಬಸ್ ಚಾರ್ಜಿನ ಲೆಕ್ಕದಲ್ಲೇ ಅದು ಮುಗಿದುಹೋಗುತ್ತಿತ್ತು. ಈಗ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಕೆಇಎ, ಕೆಪಿಎಸ್‌ಸಿ, ರೈಲ್ವೆ, ಬ್ಯಾಂಕು ಎಂದು ಹುಡುಗಿಯರು ಧೈರ್ಯವಾಗಿ ಅರ್ಜಿ ಹಾಕುತ್ತಿದ್ದಾರೆ. ಕೇಂದ್ರ ಧಾರವಾಡದಲ್ಲಿ ಬಿದ್ದರೂ ಸೈ, ಬೆಂಗಳೂರಿನಲ್ಲಿ ಬಿದ್ದರೂ ಸೈ. ಆದರೆ ಆ ಟಿಕೆಟ್ಟಿನ ಬಲ ಬಸ್ ನಿಲ್ದಾಣದ ಗೇಟಿನವರೆಗೆ ಮಾತ್ರ. ಗೇಟು ದಾಟಿದ ಮೇಲೆ ರಾತ್ರಿ ಎಲ್ಲಿ ಕಳೆಯಬೇಕು ಎಂಬುದಕ್ಕೆ ಸರ್ಕಾರದ ಬಳಿಯೂ ಉತ್ತರವಿಲ್ಲ, ಮಾರುಕಟ್ಟೆಯ ಬಳಿಯೂ ಇಲ್ಲ.

ಹೋದ ವರ್ಷ ಒಬ್ಬಳು ನನ್ನ ಮಾತು ಕೇಳಿ ಪರೀಕ್ಷೆಯ ಹಿಂದಿನ ದಿನವೇ ಹೊರಟಳು. ಜಿಲ್ಲಾ ಕೇಂದ್ರವೊಂದರಲ್ಲಿ ಸಂಜೆ ಇಳಿದು ಲಾಡ್ಜಿಗೆ ಹೋದಳು. ರಾತ್ರಿ ಒಂಬತ್ತಕ್ಕೆ ನನಗೆ ಫೋನು: 'ಮೇಡಂ, ರೂಮು ಖಾಲಿ ಅದಾವಂತ. ಆದ್ರ ಒಬ್ಬಾಕಿಗೆ ಕೊಡಂಗಿಲ್ಲ ಅಂತಾರ್ರೀ.' ಫೋನು ಮ್ಯಾನೇಜರಿಗೆ ಕೊಡಲು ಹೇಳಿದೆ. ಹಾಲ್ ಟಿಕೆಟ್ ಇದೆ, ಆಧಾರ್ ಇದೆ, ದುಡ್ಡು ಇದೆ, ಇನ್ನೇನು ಬೇಕು ಎಂದು ಕೇಳಿದೆ. 'ನಾಳೆ ಏನಾದ್ರೂ ಆದ್ರೆ ಪೊಲೀಸರು ನಮ್ಮನ್ನೇ ಕೇಳ್ತಾರೆ ಮೇಡಂ' ಎಂದರು. ಒಂಟಿ ಹೆಣ್ಣಿಗೆ ರೂಮು ಕೊಡಬಾರದೆಂದು ಯಾವ ಕಾನೂನಿನಲ್ಲೂ ಇಲ್ಲ. ಆದರೂ ಪಕ್ಕದ ಲಾಡ್ಜಿನಲ್ಲೂ ಅದೇ ಮಾತು. ಅವಳು ಆ ರಾತ್ರಿ ಕಳೆದದ್ದು ರೈಲು ನಿಲ್ದಾಣದ ಮಹಿಳಾ ನಿರೀಕ್ಷಣಾ ಕೊಠಡಿಯಲ್ಲಿ, ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು.

ಆದ್ದರಿಂದಲೇ ನಾನು ಯುವ ಪ್ರವಾಸಿಗರ ಹಾಸ್ಟೆಲ್‌ಗಳ ಪರವಾಗಿ ಮಾತಾಡುತ್ತೇನೆ. ನಿಯಾನ್ ದೀಪ, ಗಿಟಾರು ನನಗೆ ಬೇಕಿಲ್ಲ. ಅವುಗಳ ಒಳಗಿರುವ ಏರ್ಪಾಡು ಬೇಕು. ಗೋಕರ್ಣದಲ್ಲಿ ಅಂಥದೊಂದು ಹಾಸ್ಟೆಲಿನ ಮಹಿಳಾ ಡಾರ್ಮಿಟರಿಯಲ್ಲಿ ಅಕ್ಕನ ಮಗಳ ಜೊತೆ ಉಳಿದಾಗ ಅದನ್ನು ನೋಡಿದೆ. ಒಂದು ಕೋಣೆಯಲ್ಲಿ ಆರು ಹಾಸಿಗೆ, ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು. ಪ್ರತಿ ಹಾಸಿಗೆಗೂ ದಪ್ಪ ಪರದೆ, ತಲೆದೆಸೆಯಲ್ಲಿ ಪುಟ್ಟ ಓದುವ ದೀಪ, ಫೋನಿಗೆ ಪ್ಲಗ್ಗು. ಮಂಚದ ಕೆಳಗೆ ಬೀಗ ಹಾಕಿಕೊಳ್ಳುವ ಪೆಟ್ಟಿಗೆ. ಕೋಣೆಗೆ ಕಾರ್ಡು ತೋರಿಸಿದರೆ ತೆರೆಯುವ ಬಾಗಿಲು, ಕೆಳಗೆ ರಾತ್ರಿಯಿಡೀ ಎಚ್ಚರವಿರುವ ಕೌಂಟರು. ಅಲ್ಲಿ ಕೂತಿದ್ದ ಹುಡುಗಿ ನಮ್ಮ ಗುರುತಿನ ಚೀಟಿ ನೋಡಿ ಕಾರ್ಡು ಕೊಟ್ಟಳು. ಜೊತೆಗೆ ಯಾರಿದ್ದಾರೆ, ಗಂಡ ಎಲ್ಲಿ, ಯಾಕೆ ಬಂದಿರಿ ಎಂದು ಕೇಳಲಿಲ್ಲ. ನನ್ನ ಮೇಲಿನ ಹಾಸಿಗೆಯ ಹುಡುಗಿ ಪುಣೆಯಿಂದ ಒಬ್ಬಳೇ ಬಂದಿದ್ದಳು. ಕೇಳಿದರೆ 'ಇದರಲ್ಲೇನಿದೆ ಆಂಟಿ' ಎಂದಳು. ಆ ನಿರಾಳ ನನ್ನ ಊರಿನ ಹುಡುಗಿಯರಿಗೂ ಸಿಗಬೇಕೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಈ ಬಗೆಯ ಹಾಸ್ಟೆಲಿಗೆ ನಮ್ಮ ದೇಶದಲ್ಲಿ ದೊಡ್ಡ ಹೆಸರು ತಂದದ್ದು 2013ರಲ್ಲಿ ರಾಜಸ್ಥಾನದಲ್ಲಿ ಶುರುವಾದ ಜೋಸ್ಟೆಲ್. ಆದರೆ ಕಲ್ಪನೆ ಹಳೆಯದು, ಅದರ ಮೂಲದಲ್ಲಿರುವವರು ಒಬ್ಬ ಮೇಷ್ಟ್ರು ಎಂಬುದು ನನಗೆ ಖುಷಿ ಕೊಡುವ ಸಂಗತಿ. ಜರ್ಮನಿಯ ರಿಚರ್ಡ್ ಶಿರ್‌ಮಾನ್ 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಬಿರುಮಳೆಗೆ ಸಿಕ್ಕಿ ಶಾಲೆಯೊಂದರಲ್ಲಿ ರಾತ್ರಿ ಕಳೆದರು. ನಡೆದುಹೋಗುವಷ್ಟು ದೂರಕ್ಕೊಂದು ಇಂಥ ತಂಗುದಾಣ ಯಾಕಿರಬಾರದು ಎಂದು ಅವರಿಗೆ ಆಗ ಹೊಳೆಯಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ತೆರೆಯಿತು. ಅದಕ್ಕೂ ಮೊದಲೇ, 1903ರಲ್ಲಿ, ಬೆಂಗಳೂರಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ ತೆರೆದಿತ್ತು. ಊರಿಂದೂರಿಗೆ ಬಂದವರಿಗೆ ತಂಗಲು ಜಾಗ, ಓದಲು ಬಂದ ಹುಡುಗರಿಗೆ ವಿದ್ಯಾರ್ಥಿನಿಲಯ. ನಿಲ್ದಾಣದ ಎದುರೇ ಯಾಕೆ ಕಟ್ಟಿಸಿದರು ಎಂಬುದನ್ನು ವಿವರಿಸಬೇಕಿಲ್ಲ. ಇಳಿದವನಿಗೆ ಬೇಕಾದದ್ದು ಇಳಿದಲ್ಲೇ ಇರಬೇಕು.

ಇಂದಿನ ಬ್ರ್ಯಾಂಡುಗಳ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲಿಯೇ. ಅವು ಇರುವುದು ಕಡಲ ಬದಿಯಲ್ಲಿ, ಕಾಫಿ ತೋಟದ ನಡುವೆ, ವಿಮಾನ ನಿಲ್ದಾಣದ ಹತ್ತಿರ. ರಾಯಚೂರಿನಲ್ಲಿ, ಹಾವೇರಿಯಲ್ಲಿ, ಯಾದಗಿರಿಯಲ್ಲಿ ಯುವಜನ ರಾತ್ರಿ ಕಳೆಯುವುದೇ ಇಲ್ಲವೇ? ಇನ್ನು ಬೆಲೆ. ಟಾಟಾ ಸಮೂಹದ ಜಿಂಜರ್ ಹೋಟೆಲ್ ಹುಟ್ಟಿದ್ದು ನಮ್ಮ ವೈಟ್‌ಫೀಲ್ಡಿನಲ್ಲೇ, 2004ರಲ್ಲಿ, ಇಂಡಿಒನ್ ಎಂಬ ಹೆಸರಿನಲ್ಲಿ. ಮ್ಯಾನೇಜ್‌ಮೆಂಟ್ ಚಿಂತಕ ಸಿ.ಕೆ. ಪ್ರಹ್ಲಾದ್ ಅವರ ಜೊತೆ ಕೂತು ರೂಪಿಸಿದ ಆ ಹೋಟೆಲಿನ ಉದ್ದೇಶ ಅನಗತ್ಯ ಆಡಂಬರ ತೆಗೆದು ಚೊಕ್ಕ ಕೋಣೆಯನ್ನು ಕಡಿಮೆ ಬೆಲೆಗೆ ಕೊಡುವುದಾಗಿತ್ತು. ವರ್ಷಗಳು ಕಳೆದಂತೆ ಅದೂ ಮೇಲಿನ ದರ್ಜೆಯತ್ತ ಸರಿಯಿತು. ಮ್ಯಾರಿಯಟ್ ಕಂಪನಿ ಯುವಜನರಿಗೆಂದು 2014ರಲ್ಲಿ ಮಿಲಾನಿನಲ್ಲಿ ಆರಂಭಿಸಿದ ಮಾಕ್ಸಿ 2023ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಬಳಿಗೂ ಬಂತು. ಬಾರ್ ಕಟ್ಟೆಯಲ್ಲೇ ಕೋಣೆಯ ಕೀಲಿ ಕೊಡುವುದು ಅದರ ವಿಶೇಷ. ಅಲ್ಲಿನ ಒಂದು ರಾತ್ರಿಯ ಬಾಡಿಗೆಯಲ್ಲಿ ನಮ್ಮ ಹುಡುಗಿಯರು ಒಂದು ತಿಂಗಳು ಪಿ.ಜಿ.ಯಲ್ಲಿ ಇದ್ದುಬರಬಹುದು.

ಹಾಸ್ಟೆಲ್‌ಗಳಲ್ಲಿ ಇನ್ನೊಂದು ನಿಯಮವೂ ಉಂಟು. ಹಲವೆಡೆ ಅದೇ ಊರಿನ ವಿಳಾಸವಿರುವ ಗುರುತಿನ ಚೀಟಿ ತಂದವರನ್ನು ಸೇರಿಸುವುದಿಲ್ಲ. ನಮ್ಮ ತಾಲ್ಲೂಕಿನಿಂದ ಬೆಂಗಳೂರಿಗೆ ದುಡಿಯಲು ಹೋದ ಕುಟುಂಬಗಳ ಮಕ್ಕಳ ಆಧಾರ್‌ನಲ್ಲಿ ಬೆಂಗಳೂರಿನ ವಿಳಾಸವೇ ಇರುತ್ತದೆ. ಅಪ್ಪ ಅಮ್ಮ ಊರಿಗೆ ಮರಳಿರುತ್ತಾರೆ, ಮಗಳು ಪರೀಕ್ಷೆಗೆ ಬೆಂಗಳೂರಿಗೆ ಹೋಗುತ್ತಾಳೆ. ಅವಳು ಸ್ಥಳೀಯಳೂ ಅಲ್ಲ, ಪ್ರವಾಸಿಯೂ ಅಲ್ಲ. ಈ ನಿಯಮ ಹೋಗಲೇಬೇಕು.

ಪರೀಕ್ಷೆಗೆ ಹೋಗುವ ಹುಡುಗಿಗೆ ಬೇಕಾದ್ದು ಬಹಳ ಕಡಿಮೆ. ರಾತ್ರಿ ಕೊನೇ ಸಲ ಪುಸ್ತಕ ತಿರುವಲು ಬೆಳಕು, ಬೆಳಗಿನ ಐದಕ್ಕೆ ಬಿಸಿನೀರು, ಆರೂವರೆಗೆ ಇಡ್ಲಿಯೋ ಉಪ್ಪಿಟ್ಟೋ, ಮತ್ತು ಬ್ಯಾಗಿಡಲು ಒಂದು ಬೀಗದ ಪೆಟ್ಟಿಗೆ. ಕೊನೆಯದನ್ನು ಒತ್ತಿ ಹೇಳುತ್ತೇನೆ. ಪರೀಕ್ಷಾ ಕೇಂದ್ರದೊಳಗೆ ಫೋನು, ಬ್ಯಾಗು ಬಿಡುವುದಿಲ್ಲ, ಬಿಡಲೂಬಾರದು. ಊರಿಂದ ಬಂದವರು ತಮ್ಮ ಬಟ್ಟೆ, ಫೋನು, ದುಡ್ಡನ್ನೆಲ್ಲ ಗೇಟಿನ ಹೊರಗೆ ಗೋಡೆಗೆ ಒರಗಿಸಿಟ್ಟು ಹೋಗುತ್ತಾರೆ. ಒಳಗೆ ಕೂತು ಪ್ರಶ್ನೆಪತ್ರಿಕೆ ಬಿಡಿಸುವಾಗ ಅರ್ಧ ಮನಸ್ಸು ಗೋಡೆಯ ಬಳಿಯೇ ಇರುತ್ತದೆ. ಬೆಂಗಳೂರಿನ ಹುಡುಗಿ ಮನೆಯಲ್ಲಿ ಮಲಗಿ, ಎದ್ದು, ಅಪ್ಪನ ಸ್ಕೂಟರಿನಲ್ಲಿ ಬಂದಿರುತ್ತಾಳೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಕಟ್ ಆಫ್.

ಲಾಡ್ಜ್ ನಡೆಸುವವರಿಗೆ ಇಂಥ ಹಾಸಿಗೆ ಕೊಡುವುದರಲ್ಲಿ ನಷ್ಟವಿಲ್ಲ. ನಮ್ಮೂರಿನ ಲಾಡ್ಜ್ ಮಾಲೀಕರೊಬ್ಬರ ಮುಂದೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಡಬಲ್ ರೂಮಿಗೆ ದಿನಕ್ಕೆ ₹1200 ಎಂದಿಟ್ಟುಕೊಳ್ಳಿ. ಅದೇ ಕೋಣೆಯಲ್ಲಿ ಆರು ಹಾಸಿಗೆ ಹಾಕಿ ತಲಾ ₹300 ತೆಗೆದುಕೊಂಡರೆ ₹1800. ನಾಲ್ಕೇ ಹಾಸಿಗೆ ತುಂಬಿದರೂ ಹಳೆಯ ಬಾಡಿಗೆ ಕೈಗೆ ಬಂತು. 'ಹೆಣ್ಮಕ್ಳ ಜವಾಬ್ದಾರಿ ಯಾರ್ ತಗೋತಾರ್ರೀ?' ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದು ಮಹಡಿಯನ್ನು ಪೂರ್ತಿ ಮಹಿಳೆಯರಿಗೇ ಬಿಟ್ಟು, ಮೆಟ್ಟಿಲಿಗೊಂದು ಬಾಗಿಲಿಟ್ಟು, ರಾತ್ರಿ ಪಾಳಿಗೆ ಒಬ್ಬ ಹೆಣ್ಣುಮಗಳನ್ನು ಕೂರಿಸಿದರೆ ಆ ಭಯದ ಮುಕ್ಕಾಲು ಪಾಲು ಹೋಗುತ್ತದೆ ಎಂದೆ. ಉಳಿದ ಕಾಲು ಪಾಲಿಗೆ ಪೊಲೀಸರು ಮನಸ್ಸು ಮಾಡಬೇಕು. ಒಂಟಿ ಮಹಿಳೆಗೆ ಕೋಣೆ ಕೊಟ್ಟದ್ದೇ ತಪ್ಪೆಂಬಂತೆ ಲಾಡ್ಜಿನವರನ್ನು ಹೆದರಿಸುವುದಿಲ್ಲ ಎಂದು ಜಿಲ್ಲೆಯ ಎಸ್ಪಿಯೊಬ್ಬರು ಬರೆದುಕೊಟ್ಟರೆ, ಆ ಒಂದು ಹಾಳೆಯನ್ನು ಪ್ರತಿ ಕೌಂಟರಿನ ಹಿಂದೆ ಅಂಟಿಸಬಹುದು.

ತೆರಿಗೆಯಲ್ಲೂ ಈ ಹುಡುಗಿಯರನ್ನು ಯಾರೂ ನೆನೆದಿಲ್ಲ. 2022ರ ಜುಲೈವರೆಗೆ ದಿನಕ್ಕೆ ₹1000ಕ್ಕಿಂತ ಕಡಿಮೆ ಬಾಡಿಗೆಯ ಕೋಣೆಗಳಿಗೆ ಜಿಎಸ್‌ಟಿ ಇರಲಿಲ್ಲ. ಆಮೇಲೆ ಶೇ 12 ಹೇರಿದರು. 2025ರ ಸೆಪ್ಟೆಂಬರಿನಲ್ಲಿ ಅದು ಶೇ 5ಕ್ಕೆ ಇಳಿಯಿತು. 2024ರಲ್ಲಿ ಜಿಎಸ್‌ಟಿ ಮಂಡಳಿ ತಿಂಗಳಿಗೆ ತಲಾ ₹20,000ವರೆಗಿನ ಹಾಸ್ಟೆಲ್ ವಾಸಕ್ಕೆ ವಿನಾಯಿತಿ ಕೊಟ್ಟಿತು, ಆದರೆ ಸತತ 90 ದಿನ ಅಲ್ಲಿ ಉಳಿದವರಿಗೆ ಮಾತ್ರ. ಮೂರು ತಿಂಗಳು ಕೋಚಿಂಗಿಗೆ ಇರುವಷ್ಟು ಅನುಕೂಲವಿದ್ದವರಿಗೆ ತೆರಿಗೆ ಇಲ್ಲ, ಒಂದೇ ರಾತ್ರಿಗೆ ಬಂದವಳಿಗೆ ಇದೆ. ಹಾಲ್ ಟಿಕೆಟ್ ತೋರಿಸಿದವರ ಡಾರ್ಮಿಟರಿ ಹಾಸಿಗೆಯ ಮೇಲೆ ತೆರಿಗೆ ಬೇಡ ಎಂದು ನಮ್ಮ ರಾಜ್ಯದ ಸಚಿವರು ಮಂಡಳಿಯಲ್ಲಿ ಕೇಳಬಹುದು.

ಸರ್ಕಾರಿ ಜಾಗದಲ್ಲಿ ಇಂಥ ಡಾರ್ಮಿಟರಿ ನಡೆಯುವ ಮಾತೇ ಎಂದು ಕೇಳುವವರು ಕೊಚ್ಚಿಯನ್ನು ನೋಡಲಿ. ಅಲ್ಲಿನ ನಗರಪಾಲಿಕೆ ಎರ್ನಾಕುಲಂ ನಾರ್ತ್ ರೈಲು ನಿಲ್ದಾಣದ ಹತ್ತಿರ ಮಹಿಳೆಯರಿಗೆಂದೇ 'ಶೀ ಲಾಡ್ಜ್' ತೆರೆದಿದೆ. ಶುರುವಾದಾಗ ಡಾರ್ಮಿಟರಿ ಹಾಸಿಗೆಗೆ ದಿನಕ್ಕೆ ₹100. ರೈಲ್ವೆಯವರು 2021ರಲ್ಲಿ ಮುಂಬೈ ಸೆಂಟ್ರಲ್ ನಿಲ್ದಾಣದಲ್ಲಿ ತೆರೆದ ಪಾಡ್ ಹೋಟೆಲ್ಲಿನ ದರ 12 ಗಂಟೆಗೆ ₹999 ಇತ್ತು. ಅದು ನಮ್ಮವರಿಗೆ ದುಬಾರಿ, ಆದರೆ ನಿಲ್ದಾಣದೊಳಗೇ ಹಾಸಿಗೆ ಕೊಡಬಹುದು ಎಂಬುದು ಅಲ್ಲಿಂದ ಗೊತ್ತಾಯಿತು. ನಮ್ಮ ಸಾರಿಗೆ ನಿಗಮಗಳ ನಿಲ್ದಾಣಗಳಲ್ಲಿ ಮೇಲಂತಸ್ತಿನ ಮಳಿಗೆಗಳು ಷಟರ್ ಎಳೆದುಕೊಂಡಿರುವುದನ್ನು ನಾನು ಊರೂರಲ್ಲಿ ನೋಡುತ್ತೇನೆ. ಮೂರು ಮಳಿಗೆ ಒಡೆದು ಒಂದು ಮಾಡಿದರೆ ಒಂದು ಡಾರ್ಮಿಟರಿ. ನಡೆಸುವುದನ್ನು ಸ್ತ್ರೀಶಕ್ತಿ ಸಂಘಗಳಿಗೆ ಕೊಡಿ, ಅಥವಾ ಅನುಭವವಿರುವ ಹಾಸ್ಟೆಲ್ ಕಂಪನಿಗಳಿಗೇ ಕೊಟ್ಟು ದರಕ್ಕೆ ಮಿತಿ ಹಾಕಿ. ನನಗೆ ಎರಡೂ ಒಪ್ಪಿಗೆ.

ಶುರು ಮಾಡಲು ಹೊಸ ಸಮೀಕ್ಷೆ ಬೇಡ. ಯಾವ ಜಿಲ್ಲೆಯ ಎಷ್ಟು ಹೆಣ್ಣುಮಕ್ಕಳು ಯಾವ ಊರಿನ ಕೇಂದ್ರಕ್ಕೆ ಹೋಗುತ್ತಾರೆ ಎಂಬುದು ಅರ್ಜಿ ತುಂಬಿಸಿಕೊಂಡ ಪರೀಕ್ಷಾ ಪ್ರಾಧಿಕಾರಕ್ಕೆ, ಲೋಕಸೇವಾ ಆಯೋಗಕ್ಕೆ ಹಾಲ್ ಟಿಕೆಟ್ ಹೊರಡುವ ಮೊದಲೇ ಗೊತ್ತಿರುತ್ತದೆ. ಆ ಸಂಖ್ಯೆಯನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಲಿ. ಆ ಊರಿನಲ್ಲಿ ಯಾವ ಲಾಡ್ಜ್, ಯಾವ ಹಾಸ್ಟೆಲ್, ಯಾವ ಛತ್ರ ಆ ರಾತ್ರಿ ಒಂಟಿ ಹುಡುಗಿಗೆ ಹಾಸಿಗೆ ಕೊಡುತ್ತದೆ, ದರ ಎಷ್ಟು, ಫೋನ್ ನಂಬರ್ ಯಾವುದು ಎಂಬುದನ್ನು ಹಾಲ್ ಟಿಕೆಟ್ಟಿನ ಎರಡನೇ ಪುಟದಲ್ಲಿ ಅಚ್ಚು ಹಾಕಲಿ. ಸದ್ಯಕ್ಕೆ ಆ ಪುಟದ ತುಂಬ ಏನೇನು ತರಬಾರದು ಎಂಬ ಸೂಚನೆಗಳೇ ಇವೆ.